‘ಹೈಬ್ರಿಡ್’ ಸಸಿಯ ತಾಯಿ ಯಾರು, ತಂದೆ ಯಾರು?

ಸಂಪಾದಕರಿಗೆ,

ಮಾನ್ಯರೇ,

ಮುಂಗಾರು ಹಿಡಿಯುವ ಹೊತ್ತಿಗೆ ಹೊಸಂಗಡಿಯಿಂದ ಮುಳ್ಳೇರಿಯದವರೆಗೆ ರಸ್ತೆ ಬದಿಯಲ್ಲಿ ಸಸಿ ತುಂಬಿದ ಪಿಕಪ್‌ಗಳು ನಿಲ್ಲುತ್ತವೆ. ‘ಹೈಬ್ರಿಡ್ ತೆಂಗು’, ‘ಹೈಬ್ರಿಡ್ ಅಡಿಕೆ’, ಈಚೆಗೆ ‘ಟಿಶ್ಯೂ ಕಲ್ಚರ್ ತೆಂಗು’ (ಗಿಡದ ಚೂರಿನಿಂದ ಪ್ರಯೋಗಾಲಯದಲ್ಲಿ ಬೆಳೆಸಿದ್ದು) ಎಂಬ ಹಲಗೆಗಳು. ಬೆಲೆ ವಿಚಾರಿಸುವವರು ಬಹಳ, ತಾಯಿ ಮರ ಯಾವುದೆಂದು ವಿಚಾರಿಸುವವರು ಕಡಿಮೆ. ಸಂಶೋಧನಾ ಕೇಂದ್ರದ ನರ್ಸರಿಗೆ ಹೋದವರು ‘ಕೇಳಿದಷ್ಟು ಸಸಿ ಕೊಡುವುದಿಲ್ಲ, ಹೆಸರು ಬರೆಸಿ ಹೋಗಿ ಅಂತಾರೆ’ ಎಂದು ಬೇಸರದಿಂದ ಮರಳಿ, ಅದೇ ಪಿಕಪ್ಪಿನ ಎದುರು ನಿಲ್ಲುತ್ತಾರೆ. ಸಸಿ ಯಾಕೆ ಸಾಲುವುದಿಲ್ಲ, ರಸ್ತೆ ಬದಿಯದ್ದು ನಿಜವಾಗಿ ಸಂಕರ ಸಸಿಯೇ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಇರುವುದು ತೆಂಗಿನ ಮರದ ಮಂಡೆಯಲ್ಲಿ. ಸಂಕರ, ಅಂದರೆ ಹೈಬ್ರಿಡ್, ಒಂದು ತಳಿಯ ಹೆಣ್ಣು ಹೂವಿಗೆ ಇನ್ನೊಂದು ತಳಿಯ ಪರಾಗವನ್ನು ಅಲ್ಲಿ ಕುಳಿತು ಕೈಯಾರೆ ಕೊಟ್ಟು ಮಾಡುವ ಕೆಲಸ. ಆ ಕೆಲಸ ನಡೆದಿದೆಯೋ ಇಲ್ಲವೋ ಎಂಬುದನ್ನು ಬಹಳಷ್ಟು ಸಲ ಸಸಿಯ ಎಲೆಯ ದಂಟೇ ಹೇಳುತ್ತದೆ. ಕೊಳ್ಳುವವರು ನೋಡಲು ಕಲಿತರೆ ಸಾಕು.

ಈ ವಿದ್ಯೆಯ ತವರು ನಮ್ಮ ಕಾಸರಗೋಡು ಜಿಲ್ಲೆಯೇ. 1916ರಲ್ಲಿ ಆಗಿನ ಮದ್ರಾಸ್ ಸರಕಾರ ಕಾಸರಗೋಡು ಮತ್ತು ನೀಲೇಶ್ವರದ ಕಡೆ ತೆಂಗಿನ ಸಂಶೋಧನೆಗೆ ಜಾಗ ಮಾಡಿತು. ನೀಲೇಶ್ವರದಲ್ಲಿ 1932ರಲ್ಲಿ ಜೆ.ಎಸ್. ಪಟೇಲ್ ಅವರು ಪಶ್ಚಿಮ ಕರಾವಳಿಯ ಎತ್ತರದ ತೆಂಗನ್ನು ಚಾವಕ್ಕಾಡಿನ ಹಸಿರು ಗಿಡ್ಡ ತೆಂಗಿನೊಂದಿಗೆ ಕೂಡಿಸಿದರು. ಹುಟ್ಟಿದ ಗಿಡಗಳು ತಾಯಿಯನ್ನೂ ತಂದೆಯನ್ನೂ ಮೀರಿಸಿ ಬೆಳೆದವು. 1937ರಲ್ಲಿ ಅವರು ಇದನ್ನು ಪ್ರಕಟಿಸಿದಾಗ, ತೆಂಗಿನಲ್ಲೂ ಸಂಕರದ ಹುರುಪು ಉಂಟು ಎಂದು ಜಗತ್ತಿಗೆ ಮೊದಲು ತಿಳಿಯಿತು. ಕಾಸರಗೋಡಿನ ಕೇಂದ್ರ 1970ರಲ್ಲಿ ಸಿಪಿಸಿಆರ್‌ಐ (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ಆಯಿತು. ಗೆಂದಾಳಿ ತಾಯಿಗೆ ಎತ್ತರದ ತೆಂಗಿನ ಪರಾಗ ಕೊಟ್ಟು ಹುಟ್ಟಿಸಿದ ಚಂದ್ರಸಂಕರ 1985ರಲ್ಲಿ ಅಲ್ಲಿಂದ ಬಿಡುಗಡೆಯಾಯಿತು. ಇದನ್ನೇ ತಿರುಗಿಸಿ, ಎತ್ತರದ ತಾಯಿಗೆ ಗೆಂದಾಳಿಯ ಪರಾಗ ಕೊಟ್ಟರೆ ಅದು ಕೇರಸಂಕರ. ಲಕ್ಷದ್ವೀಪದ ಎತ್ತರದ ತಾಯಿಗೆ ಗೆಂದಾಳಿ ತಂದೆಯಾದರೆ ಚಂದ್ರಲಕ್ಷ. ಗೆಂದಾಳಿ ಎಂದು ನಾವು ಬರೆಯುತ್ತಿರುವುದು ಬೊಂಡಕ್ಕಾಗಿ ಅಂಗಳದ ಬದಿಯಲ್ಲಿ ನೆಡುವ ಕಿತ್ತಳೆ ಬಣ್ಣದ ಗಿಡ್ಡ ತೆಂಗನ್ನೇ. ಪುಸ್ತಕದಲ್ಲಿ ಅದರ ಹೆಸರು ಚೌಘಾಟ್ ಆರೆಂಜ್ ಡ್ವಾರ್ಫ್.

ಎರಡು ತಳಿಯನ್ನು ಅಕ್ಕಪಕ್ಕ ನೆಟ್ಟರೆ ಸಾಲದೇ, ಗಾಳಿ ಮತ್ತು ಜೇನು ಕೆಲಸ ಮಾಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸಾಲುವುದಿಲ್ಲ. ತೆಂಗಿನ ಒಂದೇ ಹೊಂಬಾಳೆಯಲ್ಲಿ ಗಂಡು ಹೂವೂ ಹೆಣ್ಣು ಹೂವೂ ಇರುತ್ತವೆ. ಕಡ್ಡಿಗಳ ಬುಡದಲ್ಲಿ ಬುಗುರಿಯಂಥ ಹೆಣ್ಣು ಹೂ, ಅಂದರೆ ಮುಂದೆ ಮಿಡಿಯಾಗುವುದು. ಅದರ ಮೇಲೆ ತುದಿಯವರೆಗೂ ಭತ್ತದ ಕಾಳಿನಂಥ ಗಂಡು ಹೂಗಳು, ಒಂದು ಹೊಂಬಾಳೆಗೆ ಸಾವಿರಗಟ್ಟಲೆ. ಎತ್ತರದ ತಳಿಯಲ್ಲಿ ಗಂಡು ಹೂಗಳು ಮೊದಲು ಅರಳಿ ಸುಮಾರು 18–20 ದಿನದಲ್ಲಿ ಉದುರಿ ಮುಗಿಯುತ್ತವೆ, ಆಮೇಲೆ ಹೆಣ್ಣು ಹೂಗಳ ಸರದಿ. ತನ್ನ ಪರಾಗ ತನಗೆ ಸಿಗುವುದಿಲ್ಲವಾದ್ದರಿಂದ ಅದು ನೆರೆಮರದ ಪರಾಗಕ್ಕೆ ಕಾಯುತ್ತದೆ. ಗಿಡ್ಡ ತಳಿಯಲ್ಲಿ ಎರಡೂ ಸರದಿ ಒಂದರ ಮೇಲೊಂದು ಬೀಳುತ್ತವೆ. ಹೆಣ್ಣು ಹೂ ಸಿದ್ಧವಾಗುವಾಗ ಅದೇ ಹೊಂಬಾಳೆಯ ಕೊನೆಯ ಗಂಡು ಹೂಗಳು ಇನ್ನೂ ಅರಳುತ್ತಿರುತ್ತವೆ. ಅವು ಮುಗಿದರೂ ಮೇಲಿನ ಹೊಸ ಹೊಂಬಾಳೆ ಬಿರಿದು ಪರಾಗ ಸುರಿಸುತ್ತದೆ. ಹಾಗಾಗಿ ಗೆಂದಾಳಿಯ ಕಾಯಿ ನೆಟ್ಟರೆ ಹೆಚ್ಚಾಗಿ ಗೆಂದಾಳಿಯೇ ಬರುವುದು. ಇಂಥ ಗಿಡ್ಡ ತಾಯಿಯಿಂದ ಸಂಕರ ಬೇಕೆಂದಾದರೆ ಅದರ ಗಂಡು ಹೂಗಳನ್ನು ಒಂದೂ ಬಿಡದೆ ತೆಗೆಯಬೇಕು.

ತೆಗೆಯುವ ಕೆಲಸ ನೋಡಲು ಸುಲಭ. ಹೊಂಬಾಳೆಯ ಕವಚ ತಾನಾಗಿ ಬಿರಿಯುವುದಕ್ಕೆ ಮೊದಲೇ, ಅಥವಾ ಬಿರಿದ ದಿನವೇ, ಅದನ್ನು ಬಿಡಿಸಿ ತೆಗೆಯುತ್ತಾರೆ. ಗಿಡ್ಡ ತಳಿಯಲ್ಲಿ ಕವಚ ಒಡೆದ ಕೂಡಲೇ ತುದಿಯ ಗಂಡು ಹೂಗಳು ಅರಳಲು ಶುರು ಮಾಡುವುದರಿಂದ ಇಲ್ಲಿ ತಡ ಮಾಡಬಾರದು. ಪ್ರತಿ ಕಡ್ಡಿಯನ್ನೂ ಅದರ ಮೇಲಿನ ಹೆಣ್ಣು ಹೂವಿನಿಂದ ಸ್ವಲ್ಪ ಮುಂದಕ್ಕೆ ಕತ್ತರಿಯಲ್ಲಿ ಕತ್ತರಿಸುವುದು. ಉಳಿದ ತುಂಡಿನಲ್ಲಿರುವ ಗಂಡು ಹೂಗಳನ್ನು, ಹೆಣ್ಣು ಹೂವಿನ ಎರಡೂ ಮಗ್ಗುಲಲ್ಲಿ ಅಂಟಿಕೊಂಡಿರುವುದನ್ನೂ ಸೇರಿಸಿ, ಬೆರಳಲ್ಲಿ ಒಂದೊಂದಾಗಿ ಕೀಳುವುದು. ಈ ಮಗ್ಗುಲಿನ ಹೂಗಳೇ ಕಣ್ಣು ತಪ್ಪಿಸುವುದು. ಒಂದು ಹೂವಿನಲ್ಲಿ ಆರು ಕೇಸರ. ನಾಲ್ಕು ಹೂ ಉಳಿದರೂ ಚೀಲದೊಳಗೇ ಅರಳಿ, ಹೊರಗಿನಿಂದ ತರುವ ಪರಾಗಕ್ಕಿಂತ ಮೊದಲು ತಮ್ಮದನ್ನು ಕೊಟ್ಟುಬಿಡುತ್ತವೆ. ಚೀಲ ಭದ್ರವಾಗಿರುತ್ತದೆ, ಚೀಟಿ ಸರಿಯಾಗಿರುತ್ತದೆ, ಕಾಯಿ ಮಾತ್ರ ಸಂಕರವಲ್ಲ. ಅದು ಗೊತ್ತಾಗುವುದು ಒಂದೂವರೆ ವರ್ಷ ಕಳೆದು ನರ್ಸರಿ ಪಾತಿಯಲ್ಲಿ. ಉಗುರು ತಾಗಿ ಹೆಣ್ಣು ಹೂವಿಗೆ ಗಾಯವಾದರೆ ಅದೂ ಉದುರುತ್ತದೆ. ಕೈ ಚುರುಕಾಗಿರಬೇಕು, ಅವಸರ ಕೂಡದು. ಮರದ ಮೇಲೆ ಇವೆರಡನ್ನೂ ಒಟ್ಟಿಗೆ ಸಾಧಿಸುವವರು ಎಲ್ಲಿಯೂ ಕಡಿಮೆಯೇ.

ಹೆಣ್ಣು ಹೂ ಸಿದ್ಧವಾಗುವುದಕ್ಕೆ ಒಂದೆರಡು ದಿನ ಮೊದಲು ಬಟ್ಟೆಯ ಚೀಲ ತೊಡಿಸಿ, ಕಾಂಡದ ಹತ್ತಿರ ಹತ್ತಿ ಸುತ್ತಿ ಬಿಗಿಯಾಗಿ ಕಟ್ಟುತ್ತಾರೆ. ಹತ್ತಿ ಹಾಕದಿದ್ದರೆ ಸಂದಿನಿಂದ ಇರುವೆ ನುಗ್ಗುತ್ತದೆ. ಇರುವೆಯ ಕಾಲಿಗೆ ಹಿಡಿದ ಪರಾಗವೂ ಪರಾಗವೇ.

ಇನ್ನು ತಂದೆಯ ಕಡೆ ನೋಡೋಣ, ಪ್ರಯೋಗಾಲಯದ ನಿಜವಾದ ತಲೆನೋವು ಇಲ್ಲಿದೆ. ಆರಿಸಿದ ತಂದೆ ಮರದ ಹೊಂಬಾಳೆ ಬಿರಿದ ಮೇಲೆ ಕಡ್ಡಿಯ ನಡುಭಾಗದಿಂದ, ಅರಳಲು ಸಿದ್ಧವಾಗಿ ಹಳದಿ ತಿರುಗಿದ ಗಂಡು ಹೂಗಳನ್ನು ಬೆಳಗ್ಗೆ ಬಿಡಿಸಿಕೊಳ್ಳುತ್ತಾರೆ. ಅರಳಿದ್ದನ್ನು ತಗೊಂಡರೆ ಪರಾಗ ಆಗಲೇ ಗಾಳಿಗೆ ಹೋಗಿರುತ್ತದೆ, ತೀರಾ ಎಳೆಯದನ್ನು ತಗೊಂಡರೆ ಒಳಗಿನ ಕಾಳು ಬಲಿತಿರುವುದಿಲ್ಲ. ಹೂಗಳನ್ನು ಕಾಗದದ ನಡುವೆ ಹರವಿ, ಮೇಲೆ ಹಗುರವಾಗಿ ಲಟ್ಟಣಿಗೆಯಂಥ ಉರುಳೆ ಆಡಿಸಿದರೆ ಕೇಸರಗಳು ಸೀಳುತ್ತವೆ. ಹೆಚ್ಚು ಒತ್ತಿದರೆ ರಸ ಹೊರಟು ಪರಾಗ ಮುದ್ದೆಯಾಗುತ್ತದೆ. ಆಮೇಲೆ ಓವನ್ನಿನಲ್ಲಿ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಹಗಲು ಒಂದು ರಾತ್ರಿ ಒಣಗಿಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸುತ್ತಾರೆ. ಒಂದು ಹೊಂಬಾಳೆಯ ಹೂವಿನಿಂದ ಸಿಗುವುದು ಕೆಲವೇ ಗ್ರಾಂ, ಅರಶಿನ ಬಣ್ಣದ ನುಣುಪಾದ ಹುಡಿ.

ಈ ಹುಡಿಗೆ ಇಬ್ಬರು ವೈರಿಗಳು, ಬಿಸಿ ಮತ್ತು ತೇವ. ಓವನ್ನಿನ ಬಿಸಿ ಏರಿದರೆ ಪರಾಗ ಸಾಯುತ್ತದೆ, ನೋಟಕ್ಕೆ ಮಾತ್ರ ಹಾಗೇ ಇರುತ್ತದೆ. ನಮ್ಮ ಊರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ. ಜೂನ್–ಜುಲೈಯಲ್ಲಿ ಬೆಂಕಿಪೊಟ್ಟಣವೇ ಒದ್ದೆಯಾಗುವಾಗ ತೆರೆದಿಟ್ಟ ಪರಾಗ ಬೂಸಲು ಹಿಡಿಯದೆ ಇರುವುದಿಲ್ಲ. ಅದಕ್ಕೇ ಸಣ್ಣ ಸೀಸೆಯಲ್ಲಿ ತುಂಬಿ, ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಇಟ್ಟ ಮುಚ್ಚಿದ ಪಾತ್ರೆಯೊಳಗೆ ತಂಪಿನಲ್ಲಿ ಇಡುವುದು. ಕೋಣೆಯ ಬಿಸಿಯಲ್ಲಿ ಕೆಲವು ದಿನ ಬಾಳಿದರೆ, ಸೊನ್ನೆಗಿಂತ ಕೆಳಗೆ ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಬಾಳುತ್ತದೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಇಟ್ಟ ಪರಾಗದಿಂದಲೂ ಕಾಸರಗೋಡಿನಲ್ಲಿ ಕಾಯಿ ಕಟ್ಟಿಸಿದ್ದಾರೆ. ಸೀಸೆಯನ್ನು ಹೊರತೆಗೆದು ಮುಚ್ಚಳ ತೆರೆಯುವಾಗ ಗಾಜಿನ ಮೇಲೆ ನೀರು ಕೂರುವುದೇ ಸಾಮಾನ್ಯವಾಗಿ ಆಗುವ ತಪ್ಪು. ಹೊರಗಿನ ಬಿಸಿಗೆ ಬರುವ ತನಕ ಮುಚ್ಚಳ ತೆರೆಯಬಾರದು, ತೆರೆದದ್ದನ್ನು ಮತ್ತೆ ಒಳಗಿಡಬಾರದು. ಒಂದು ದಿನಕ್ಕೆ ಬೇಕಾದಷ್ಟೇ ಒಂದೊಂದು ಸೀಸೆಯಲ್ಲಿ ತುಂಬಿಡುವುದು ಇದಕ್ಕಾಗಿ.

ಪರಾಗ ಬದುಕಿದೆಯೇ ಎಂದು ನೋಡದೆ ಮರ ಹತ್ತುವುದು ವ್ಯರ್ಥ ಶ್ರಮ. ಶೇಕಡಾ 8 ಸಕ್ಕರೆ, ಶೇಕಡಾ 1 ಅಗರ್, ಶೇಕಡಾ 1 ಜೆಲಟಿನ್, ಶೇಕಡಾ 0.01 ಬೋರಿಕ್ ಆಮ್ಲ ಇರುವ ಪಾಕವನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಹರಡಿ, ಸೂಜಿಮೊನೆಯಷ್ಟು ಪರಾಗ ಉದುರಿಸಿ, ಒದ್ದೆ ಕಾಗದ ಹಾಸಿದ ಡಬ್ಬಿಯಲ್ಲಿ ಮುಚ್ಚಿಡುತ್ತಾರೆ. ಎರಡು ಮೂರು ಗಂಟೆ ಕಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬದುಕಿದ ಕಾಳಿನಿಂದ ಬಿಳಿಯ ನಳಿಗೆಯೊಂದು ಹೊರಬಂದಿರುತ್ತದೆ. ನಳಿಗೆ ಕಾಳಿನ ಅಗಲಕ್ಕಿಂತ ಉದ್ದವಾಗಿದ್ದರೆ ಮಾತ್ರ ಮೊಳೆತದ್ದೆಂದು ಲೆಕ್ಕ. ಮೊನೆ ಮಾತ್ರ ಇಣುಕಿದ್ದನ್ನು ಸೇರಿಸಿದರೆ ಲೆಕ್ಕ ಚಂದ ಕಾಣುತ್ತದೆ, ಮರದಲ್ಲಿ ಕಾಯಿ ಕಾಣುವುದಿಲ್ಲ. ಬೋರಿಕ್ ಆಮ್ಲ ಮರೆತರೆ ನಳಿಗೆಗಳು ಒಡೆದು ಕರುಳು ಹೊರಬಂದಂತೆ ಕಾಣುತ್ತವೆ, ಪರಾಗ ಕೆಟ್ಟಿತೆಂದು ಎಸೆಯುವ ಮುಂಚೆ ಪಾಕವನ್ನು ಸಂಶಯಿಸಬೇಕು.

ಒಳ್ಳೆಯ ಪರಾಗ ಒಂದು ಪಾಲಿಗೆ ಟಾಲ್ಕಂ ಪುಡಿ ಒಂಬತ್ತು ಪಾಲು ಬೆರೆಸುವುದು ವಾಡಿಕೆ. ಪರಾಗ ಉಳಿಯುತ್ತದೆ, ಸಮವಾಗಿ ಹರಡುತ್ತದೆ, ಬಿಳಿಯ ಹುಡಿ ಯಾವ ಹೂವಿನ ಮೇಲೆ ಬಿದ್ದಿದೆ ಎಂದೂ ಕಾಣುತ್ತದೆ. ಟಾಲ್ಕಂ ಅಂದರೆ ವಾಸನೆ ಹಾಕದ ಶುದ್ಧ ಪುಡಿ. ಮೈಗೆ ಹಚ್ಚುವ ಪೌಡರ್ ಅಲ್ಲ. ಹೆಣ್ಣು ಹೂ ಸಿದ್ಧವಾದ ಗುರುತು, ತುದಿ ಮೂರಾಗಿ ಬಿರಿದು ಒಳಗೆ ಜೇನಿನಂಥ ಹನಿ ಮಿನುಗುವುದು. ಒಂದು ಹೂ ಹೀಗಿರುವುದು ಒಂದರಿಂದ ಮೂರು ದಿನ. ಗೊಂಚಲಿನ ಎಲ್ಲ ಹೂಗಳೂ ಒಂದೇ ದಿನ ಸಿದ್ಧವಾಗುವುದಿಲ್ಲ, ಐದಾರು ದಿನ ಹಿಡಿಯುತ್ತದೆ. ಆದ್ದರಿಂದ ಅಷ್ಟು ದಿನವೂ ಬೆಳಗ್ಗೆ ಎಂಟರಿಂದ ಹನ್ನೊಂದರ ಒಳಗೆ ಮರ ಹತ್ತಿ, ಚೀಲದ ಬಾಯಿಯಿಂದ ಪಫರ್ ತೂರಿಸಿ ಹುಡಿ ಊದಬೇಕು. ಮಧ್ಯಾಹ್ನದ ಬಿಸಿಲಿಗೆ ಹನಿ ಒಣಗಿದರೆ ಊದಿದ್ದು ಅಂಟುವುದಿಲ್ಲ. ತುದಿ ಕಂದಾಯಿತೆಂದರೆ ಮುಗಿಯಿತು, ಆಮೇಲೆ ಎಷ್ಟು ಸುರಿದರೂ ನಿಷ್ಪ್ರಯೋಜಕ. ಕೊನೆಯ ಹೂ ಕಂದಾಗಿ ಕೆಲವು ದಿನ ಕಳೆದ ಮೇಲೆ ಚೀಲ ಬಿಚ್ಚಿ, ತಾಯಿ, ತಂದೆ, ತಾರೀಕು ಬರೆದ ಚೀಟಿ ಕಟ್ಟುವುದು.

ಲೆಕ್ಕ ಹಾಕಿ ನೋಡಿ. ಗಂಡು ಹೂ ತೆಗೆಯಲು ಒಮ್ಮೆ, ಚೀಲ ಕಟ್ಟಲು ಒಮ್ಮೆ, ಊದಲು ಐದಾರು ಸಲ, ಬಿಚ್ಚಲು ಒಮ್ಮೆ. ಒಂದು ಗೊನೆಗೆ ಎಂಟೊಂಬತ್ತು ಸಲ ಹತ್ತಿ ಇಳಿಯಬೇಕು. ಕೈಯಿಂದ ಪರಾಗ ಕೊಟ್ಟರೂ ಕೊಡದಿದ್ದರೂ ತೆಂಗು ತನ್ನ ಮಿಡಿಗಳಲ್ಲಿ ಹೆಚ್ಚಿನವನ್ನು ಉದುರಿಸುವುದೇ. ಗೊಂಚಲಿನಲ್ಲಿ 25 ಹೆಣ್ಣು ಹೂ ಇತ್ತೆಂದು ಹಿಡಿಯೋಣ. ಮೂರರಲ್ಲಿ ಒಂದು ನಿಂತರೆ ಎಂಟು ಕಾಯಿ, ಅದರಲ್ಲಿ ಆರೋ ಏಳೋ ಮೊಳೆತು, ನರ್ಸರಿಯ ಆಯ್ಕೆಯಲ್ಲಿ ಉಳಿಯುವುದು ನಾಲ್ಕು. ಕಾಯಿ ಬಲಿಯಲು 11–12 ತಿಂಗಳು, ಪಾತಿಯಲ್ಲಿ ಮತ್ತೆ 9–12 ತಿಂಗಳು. ಈ ಜೂನಿನಲ್ಲಿ ನೀವು ನೆಡುವ ಸಸಿಗೆ ಪರಾಗ ಊದಿದ್ದು ಎರಡು ವರ್ಷ ಹಿಂದಿನ ಬೇಸಗೆಯಲ್ಲಿ. ಈಗ ಬೇಡಿಕೆ ಹೆಚ್ಚಾಯಿತೆಂದು ಈಗಲೇ ಸಸಿ ಹೆಚ್ಚಿಸಲು ಯಾರಿಂದಲೂ ಆಗದು. ವಾರದೊಳಗೆ ಸಾವಿರ ಸಂಕರ ಸಸಿ ತಂದು ಇಳಿಸುತ್ತೇನೆ ಎನ್ನುವವನಲ್ಲಿ ಎರಡು ವರ್ಷದ ಹಿಂದೆ ಹತ್ತಿದ್ದು ಯಾರು ಎಂದು ಕೇಳಬೇಕು. ಎತ್ತರದ ತಾಯಿಯಾದರೆ ಖರ್ಚು ಇನ್ನೂ ಹೆಚ್ಚು. ಗೆಂದಾಳಿ ತಾಯಿಗೆ ಏಣಿ ಸಾಕಾಗುತ್ತದೆ, ಐವತ್ತು ಅಡಿ ಮರಕ್ಕೆ ಏಣಿ ಎಲ್ಲಿಂದ?

ಗೆಂದಾಳಿ ತಾಯಿಯಿಂದ ಇನ್ನೊಂದು ದೊಡ್ಡ ಪ್ರಯೋಜನವಿದೆ, ಸುಳ್ಳು ಅಲ್ಲಿ ಬಣ್ಣದಲ್ಲೇ ಸಿಕ್ಕಿಬೀಳುತ್ತದೆ. ತೆಂಗಿನ ದಂಟು ಮತ್ತು ಕಾಯಿಯ ಬಣ್ಣವನ್ನು ಎರಡು ಜೀನುಗಳು ನಡೆಸುತ್ತವೆ, ಒಂದು ಕೆಂಪಿನದ್ದು, ಇನ್ನೊಂದು ಹಸಿರಿನದ್ದು. ಎರಡೂ ಇದ್ದರೆ ಕಂದು. ಹಸಿರಿನದ್ದು ಮಾತ್ರ ಇದ್ದರೆ ಹಸಿರು, ಕೆಂಪಿನದ್ದು ಮಾತ್ರ ಇದ್ದರೆ ಗೆಂದಾಳಿಯ ಕಿತ್ತಳೆ, ಎರಡೂ ಇಲ್ಲದಿದ್ದರೆ ಮಲಯನ್ ಹಳದಿ ಗಿಡ್ಡದ ಹಳದಿ. ಗೆಂದಾಳಿಗೆ ಎತ್ತರದ ಹಸಿರು ತೆಂಗಿನ ಪರಾಗ ಸಿಕ್ಕಿದರೆ ಮಗುವಿನಲ್ಲಿ ಎರಡೂ ಸೇರಿ ದಂಟು ಕಂದು ಛಾಯೆಗೆ ತಿರುಗುತ್ತದೆ. ಪರಾಗ ತನ್ನದೇ ಆದರೆ ಕಿತ್ತಳೆಯೇ ಉಳಿಯುತ್ತದೆ. ಆದ್ದರಿಂದ ಚಂದ್ರಸಂಕರ ಎಂದು ಕೊಡುವ ಸಸಿಯ ದಂಟು ಚೊಕ್ಕ ಕಿತ್ತಳೆ ಇದ್ದರೆ ಅದು ಗೆಂದಾಳಿ, ಚಂದ್ರಸಂಕರವಲ್ಲ. ನೋಡುವಾಗ ಸುಳಿಯ ಪಕ್ಕದ ಎಳೆಯ ಎಲೆಯ ದಂಟನ್ನು, ಮಣ್ಣು ಒರೆಸಿ, ನೆರಳಿನಲ್ಲಿ ನೋಡಿ. ಹಳೆ ಎಲೆಯ ದಂಟು ಬಿಸಿಲಿಗೆ ಬಣ್ಣ ಬಿಟ್ಟಿರುತ್ತದೆ. ಹಳದಿ ತಾಯಿಯದ್ದೂ ಇದೇ ಲೆಕ್ಕ, ಹಳದಿ ಉಳಿದದ್ದು ಸಂಕರವಲ್ಲ.

ಹಸಿರು ಗಿಡ್ಡ ತಾಯಿಯಾದರೆ ಕಣ್ಣು ಸೋಲುತ್ತದೆ. ಬೇರು ಸೊರಗು ರೋಗದ ಪ್ರದೇಶಕ್ಕೆಂದು ಹಸಿರು ಗಿಡ್ಡದಿಂದ ತಂದ ಕಲ್ಪಸಂಕರ ಇಂಥದ್ದು. ತಾಯಿಯೂ ಹಸಿರು, ತಂದೆಯೂ ಹಸಿರಾದರೆ ಮಗು ಯಾರದ್ದೆಂದು ದಂಟು ಹೇಳುವುದಿಲ್ಲ. ಬೇಗ ಮೊಳೆತು ಬುಡ ದಪ್ಪವಾಗಿ ಬೆಳೆಯುವುದನ್ನು ನೋಡಿ ಊಹಿಸಬಹುದು, ಖಾತ್ರಿಗೆ ಡಿಎನ್‌ಎ ಬೇಕು. ಎಳೆ ಎಲೆಯ ಚೂರಿನಿಂದ ಡಿಎನ್‌ಎ ತೆಗೆದು, ತಾಯಿ ತಂದೆಯಲ್ಲಿ ಬೇರೆ ಬೇರೆ ಉದ್ದವಿರುವ ತುಂಡನ್ನು ಪಿಸಿಆರ್ ಯಂತ್ರದಲ್ಲಿ ಪ್ರತಿ ಮಾಡಿ, ಜೆಲ್‌ನಲ್ಲಿ ಓಡಿಸುತ್ತಾರೆ. ತಾಯಿಯ ಗೆರೆಯ ಜೊತೆ ತಂದೆಯ ಗೆರೆಯೂ ಕಂಡರೆ ಸಂಕರ, ತಾಯಿಯದ್ದು ಮಾತ್ರ ಕಂಡರೆ ಅಲ್ಲ. ಸಸಿ ಸಸಿಗೂ ಇದನ್ನು ಮಾಡುವುದು ದುಬಾರಿ, ಆದರೆ ಸಗಟಾಗಿ ಮಾರುವ ನರ್ಸರಿಗಳ ಸಸಿಯನ್ನು ಹತ್ತಕ್ಕೊಂದರಂತೆ ಪರೀಕ್ಷಿಸುವುದು ಅಸಾಧ್ಯವೇನಲ್ಲ.

ಬೀಜದ ಕಾಯಿ ಪಾತಿಗೆ ಹೋಗುವಲ್ಲೂ ಒಂದು ಎಡವಟ್ಟು ನಡೆಯುತ್ತದೆ. ಎತ್ತರದ ತಳಿಯ ಕಾಯಿಯನ್ನು ಒಂದೆರಡು ತಿಂಗಳು ನೆರಳಲ್ಲಿಟ್ಟು ಬಿತ್ತಬಹುದು. ಗಿಡ್ಡ ತಾಯಿಯ ಕಾಯಿಯ ಸಿಪ್ಪೆ ತೆಳು, ಒಳಗಿನ ನೀರು ಬೇಗ ಆರುತ್ತದೆ, ಹದಿನೈದು ದಿನದೊಳಗೆ ಬಿತ್ತಬೇಕು. ಕಾಯಿಯನ್ನು ಕುಲುಕಿ ನೋಡಿ, ನೀರಿನ ಸದ್ದಿಲ್ಲದಿದ್ದರೆ ಬೇಡ. ಸಾಲಿನಲ್ಲಿ ಸುಮಾರು ಒಂದಡಿ ಅಂತರ. ಗಿಡ್ಡ ತಾಯಿಯದ್ದು ಒಂದು ತಿಂಗಳಿಗೇ ಮೊಳೆಯಲು ಶುರು, ಎತ್ತರದ್ದು ಎರಡು ತಿಂಗಳ ಮೇಲೆ. ಆರು ತಿಂಗಳಾದರೂ ಮೊಳೆಯದ್ದನ್ನು ಕಿತ್ತು ಹಾಕುವುದು. ಹತ್ತು ತಿಂಗಳು ದಾಟಿದ ಒಳ್ಳೆಯ ಸಸಿಗೆ ಕನಿಷ್ಠ ಆರು ಎಲೆ, ಬುಡದ ಸುತ್ತಳತೆ 10 ಸೆಂಟಿಮೀಟರ್, ಎಲೆ ಬೇಗ ಗರಿಗರಿಯಾಗಿ ಸೀಳಿರಬೇಕು. ಉದ್ದಕ್ಕೆ ಮರುಳಾಗಬೇಡಿ, ನೆರಳಲ್ಲಿ ಒತ್ತೊತ್ತಾಗಿ ಬೆಳೆದದ್ದೂ ಉದ್ದವಾಗಿರುತ್ತದೆ.

ಸಂಕರ ಮರದ ಕಾಯಿಯನ್ನೇ ಬೀಜಕ್ಕಿಡುವುದು ಊರಲ್ಲಿ ಸಾಮಾನ್ಯ. ‘ಆಚೆಮನೆಯವರ ಚಂದ್ರಸಂಕರ ಹೇಗೆ ಬಿಟ್ಟಿದೆ ನೋಡಿ, ಅದರದ್ದೇ ನಾಲ್ಕು ಕಾಯಿ ಕೊಡಿ’ ಎಂದು ಕೇಳಿ ತರುತ್ತಾರೆ. ತಾಯಿ ತಂದೆಯಿಂದ ಬಂದ ಗುಣಗಳು ಮುಂದಿನ ತಲೆಮಾರಿನಲ್ಲಿ ಚದರುತ್ತವೆ. ಒಂದು ಗಿಡ್ಡ, ಒಂದು ಎತ್ತರ, ಒಂದು ಬೇಗ ಬಿಡುವುದು, ಒಂದು ಹತ್ತು ವರ್ಷವಾದರೂ ಬಿಡದ್ದು. ತೆಂಗು ತಪ್ಪಿತೆಂದು ತಿಳಿಯುವುದು ಆರೇಳು ವರ್ಷ ನೀರೆರೆದ ಮೇಲೆ. ಇಂಥ ಕಾಯಿಯಿಂದ ಬೆಳೆಸಿದ ಸಸಿಯನ್ನು ‘ಹೈಬ್ರಿಡ್’ ಎಂದು ಮಾರುವುದು ಮೋಸ. ಮಾರುವವರಿಗೆ ಗೊತ್ತಿಲ್ಲದೆಯೂ ಇರಬಹುದು, ನಷ್ಟ ಮಾತ್ರ ಕೊಂಡವರದ್ದೇ.

ಸಂಕರ ನಿಜವಾದ ಮಾತ್ರಕ್ಕೆ ಎಲ್ಲ ಕಡೆಗೂ ಹೊಂದುತ್ತದೆ ಎಂದಲ್ಲ. ಚಂದ್ರಸಂಕರ ನೀರು ಗೊಬ್ಬರ ಇದ್ದಲ್ಲಿ ದುಡಿಯುವ ಮರ. ಎಣ್ಮಕಜೆ, ಪೈವಳಿಕೆ ಕಡೆಯ ಕೆಂಪುಕಲ್ಲಿನ ಗುಡ್ಡದಲ್ಲಿ, ಮಾರ್ಚಿಗೆ ನೀರಿಗೆಂದು ಗುಡ್ಡ ಕೊರೆದ ಸುರಂಗದ ನೀರು ನೂಲಿನಷ್ಟಾಗುವಲ್ಲಿ ಅದು ಮಿಡಿ ಉದುರಿಸುತ್ತದೆ. ಅಂಥ ಜಾಗಕ್ಕೆ ಎತ್ತರದ ತಾಯಿಯ ಕೇರಸಂಕರ, ಚಂದ್ರಲಕ್ಷ ಬರ ತಾಳುವುದರಲ್ಲಿ ಮೇಲು. ಅದೂ ಸಿಗದಿದ್ದರೆ ಒಳ್ಳೆಯ ತಾಯಿ ಮರದ ಊರ ತೆಂಗೇ ಸಾಕು.

ಅಡಿಕೆಯಲ್ಲಿ ಗೊಂದಲ ಬೇರೆ ಥರದ್ದು. ಮಂಗಳ, ಸುಮಂಗಳ, ಶ್ರೀಮಂಗಳ, ಮೋಹಿತ್‌ನಗರ ಎಲ್ಲವನ್ನೂ ಜನ ‘ಹೈಬ್ರಿಡ್’ ಎನ್ನುತ್ತಾರೆ. ಇವು ಯಾವುವೂ ಸಂಕರವಲ್ಲ. ಚೀನಾ, ಇಂಡೋನೇಷ್ಯಾ, ಸಿಂಗಾಪುರ, ಪಶ್ಚಿಮ ಬಂಗಾಳಗಳಿಂದ ತಂದ ಅಡಿಕೆಯಿಂದ ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಆರಿಸಿ ಬೆಳೆಸಿದ ತಳಿಗಳು. ನಿಜವಾದ ಸಂಕರ ಅಂದರೆ ಹಿರೇಹಳ್ಳಿ ಗಿಡ್ಡ ತಾಯಿಗೆ ಸುಮಂಗಳ ತಂದೆಯಾದ ವಿಟಿಎಲ್‌ಎಎಚ್-1, ಮೋಹಿತ್‌ನಗರ ತಂದೆಯಾದ ವಿಟಿಎಲ್‌ಎಎಚ್-2. ಮರ ಕುಳ್ಳಗಿರುವುದರಿಂದ ಬೋರ್ಡೋ ಮದ್ದು ಬಿಡುವುದು, ಕೊನೆ ಕೊಯ್ಯುವುದು ಸುಲಭ. ಅಡಿಕೆಯ ಹಿಂಗಾರದಲ್ಲೂ ಗಂಡು ಹೂ ಮೊದಲು ಮುಗಿದು ಹೆಣ್ಣು ಹೂ ಆಮೇಲೆ. ಗಾಳಿಯಲ್ಲಿ ಬಂದ ಪರಾಗವೇ ಗತಿ. ಹಾಗಾಗಿ ಊರಡಿಕೆಯ ನಡುವೆ ನಿಂತ ನಾಲ್ಕು ಮಂಗಳ ಮರದ ಗೋಟು ತಂದರೆ ತಂದೆ ಯಾರೂ ಆಗಿರಬಹುದು. ಒಂದೇ ತಳಿಯ ತೋಟದ ನಡುಭಾಗದ ಮರದಿಂದ, ಪೂರಾ ಹಣ್ಣಾದ ಅಡಿಕೆಯಲ್ಲಿ 35 ಗ್ರಾಂ ಮೀರಿದ್ದನ್ನು ಆರಿಸಿ ನೀರಿಗೆ ಹಾಕಿ. ತೊಟ್ಟು ಮೇಲಾಗಿ ನೆಟ್ಟಗೆ ತೇಲುವುದು ಬೀಜಕ್ಕೆ ಯೋಗ್ಯ.

‘ಟಿಶ್ಯೂ ಕಲ್ಚರ್ ತೆಂಗು’ ಎಂಬ ಹಲಗೆಯ ಬಗ್ಗೆಯೂ ಹೇಳಬೇಕು. ಬಾಳೆಯಲ್ಲಿ ಅದು ಮಾಮೂಲು, ಯಾಕೆಂದರೆ ಬಾಳೆಗೆ ಕಂದು ಬರುತ್ತದೆ, ಒಂದು ಕಂದಿನ ಮೊಗ್ಗು ತಗೊಂಡರೆ ತಾಯಿಗೆ ನಷ್ಟವಿಲ್ಲ. ತೆಂಗಿಗೆ ಬೆಳೆಯುವ ಮೊನೆ ಒಂದೇ. ಅದನ್ನು ತೆಗೆದರೆ ಮರವೇ ಹೋಯಿತು. ಹಾಗಾಗಿ ಕಾಯಿಯೊಳಗಿನ ಮೊಳಕೆಯ ಮೊನೆಯಿಂದ ಗಿಡ ಮಾಡುವ ಪ್ರಯತ್ನ ದಶಕಗಳಿಂದ ನಡೆದಿದೆ. ಅಂಗಾಂಶ ಸಾಕುವ ಪಾಕದಲ್ಲಿ ಅದು ಕಂದು ಬಣ್ಣಕ್ಕೆ ತಿರುಗಿ ಸಾಯುವುದು ಹೆಚ್ಚು, ಬದುಕುವುದು ಕಡಿಮೆ. ಬದುಕಿದರೂ ಅದು ಕಾಯಿಯ ನಕಲು. ಕಾಯಿ ಬಿಟ್ಟ ಮರದ ನಕಲಲ್ಲ. ಮೊಳಕೆಯಲ್ಲಿ ತಂದೆಯ ಪಾಲೂ ಇರುತ್ತದಲ್ಲ. ಅಡಿಕೆಯಲ್ಲಿ ಎಳೆಯ ಹಿಂಗಾರದ ಚೂರಿನಿಂದ ಗಿಡ ಎಬ್ಬಿಸುವ ಕ್ರಮ ಸಿಪಿಸಿಆರ್‌ಐಯಲ್ಲಿ ಸಿದ್ಧವಾಗಿದೆ, ಅಲ್ಲಿ ಮರ ಸಾಯದೆ ಅದರದ್ದೇ ನಕಲು ಸಿಗುತ್ತದೆ. ಹಳದಿ ರೋಗ ಬಂದ ತೋಟದಲ್ಲಿ ಹಸಿರಾಗಿ ಉಳಿದ ಮರಗಳಿಗೆ ಈ ದಾರಿ ಬೆಲೆಯುಳ್ಳದ್ದು. ತೆಂಗಿನ ಹಲಗೆ ಕಂಡಲ್ಲಿ ಮಾತ್ರ ಯಾವ ಪ್ರಯೋಗಾಲಯದ್ದು, ಯಾವ ಭಾಗದಿಂದ ಮಾಡಿದ್ದು ಎಂದು ಕೇಳಿ.

ಕೃಷಿ ಭವನಗಳಿಗೂ ಪಂಚಾಯತುಗಳಿಗೂ ನಮ್ಮ ಬೇಡಿಕೆ ಎರಡೇ. ಸಬ್ಸಿಡಿಯಲ್ಲಿ ಹಂಚುವ ಪ್ರತಿ ಸಸಿಯ ಚೀಲದಲ್ಲಿ ತಾಯಿ, ತಂದೆ, ಪರಾಗ ಕೊಟ್ಟ ತಿಂಗಳು ಬರೆದ ಚೀಟಿ ಇರಲಿ, ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಅದು ಕನ್ನಡದಲ್ಲೂ ಇರಲಿ. ಸಸಿ ಕೊಳ್ಳುವವರಿಗೆ ಓದಲು ಬಾರದ ಚೀಟಿ ಇದ್ದೂ ಇಲ್ಲದಂತೆ. ಎರಡನೆಯದು, ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯಂತ್ರದಲ್ಲಿ ಮರ ಹತ್ತುವ ತರಬೇತಿ ಕೊಡುತ್ತಿದೆ. ಅದೇ ಯುವಕ ಯುವತಿಯರಿಗೆ ಇನ್ನೂ ಒಂದು ವಾರ ಸೇರಿಸಿ ಗಂಡು ಹೂ ಕೀಳುವುದು, ಚೀಲ ಕಟ್ಟುವುದು ಕಲಿಸಿದರೆ ಊರೂರಲ್ಲೇ ಸಂಕರ ಬೀಜ ಸಿದ್ಧವಾದೀತು.

ಅಲ್ಲಿಯವರೆಗೆ ಮನೆಯಲ್ಲೇ ಮಾಡಬಹುದಾದ ಒಂದು ಉಪಾಯವಿದೆ, ಚೀಲವೂ ಬೇಡ, ಪಫರೂ ಬೇಡ. ಸುತ್ತ ಎತ್ತರದ ತೆಂಗಿದ್ದು ನಡುವೆ ಒಂದೇ ಗೆಂದಾಳಿ ಇದ್ದರೆ, ಅದರ ಪ್ರತಿ ಹೊಂಬಾಳೆ ಬಿರಿದ ದಿನವೇ ಮೇಲೆ ಹೇಳಿದಂತೆ ಗಂಡು ಹೂ ತೆಗೆಯಿರಿ. ಒಂದು ಹೊಂಬಾಳೆಯದ್ದು ತೆಗೆದು ಮುಂದಿನದ್ದನ್ನು ಬಿಟ್ಟರೆ ಪ್ರಯೋಜನವಿಲ್ಲ. ಉಳಿದದ್ದನ್ನು ನೆರೆಯ ಎತ್ತರದ ಮರಗಳೂ ಜೇನೂ ನೋಡಿಕೊಳ್ಳುತ್ತವೆ. ಬೇಲಿಯಾಚೆ ಇನ್ನೊಂದು ಗೆಂದಾಳಿ ಇದ್ದರೆ ಸ್ವಲ್ಪ ಬೆರಕೆಯಾಗುತ್ತದೆ, ಪಾತಿಯಲ್ಲಿ ಕಿತ್ತಳೆ ದಂಟಿನದ್ದನ್ನು ಬೊಂಡಕ್ಕೆ ಬೇರೆ ನೆಟ್ಟು, ಕಂದು ದಂಟಿನದ್ದನ್ನು ತೋಟಕ್ಕಿಟ್ಟರಾಯಿತು. ಕಷ್ಟವಿರುವುದು ಆ ಮೇಲಿನ ಹನ್ನೊಂದು ತಿಂಗಳಲ್ಲಿ. ಗೊನೆಗೆ ಬಣ್ಣದ ಹಗ್ಗ ಕಟ್ಟಿ, ತಿಂಗಳು ಬರೆದಿಟ್ಟು, ಅದು ಬೀಜಕ್ಕೆಂದು ಮನೆಯವರಿಗೆಲ್ಲ ಹೇಳಿಡಿ. ಏಳನೆಯ ತಿಂಗಳಲ್ಲಿ ನೆಂಟರು ಬಂದರೆ ಮೊದಲು ಕಣ್ಣಿಗೆ ಬೀಳುವುದು ಆ ಗೆಂದಾಳಿ ಗೊನೆಯೇ.

ಇತಿ,
ತೆಂಗು–ಅಡಿಕೆ ತಳಿ ಮತ್ತು ಪರಾಗದ ಕೆಲಸ ಬಲ್ಲ ಕೆಲವರು
ಕಾಸರಗೋಡು